ಎಡತುದಿಯ ಹೆಂಗಸು

ಅಗಸಿ ಎಣ್ಣೆಯ ಸೀಸೆ ತೆರೆದ ಕೂಡಲೇ ಶಹಾಪುರದ ಆ ತಗಡಿನ ಅಂಗಡಿ ಕಣ್ಣ ಮುಂದೆ ಬಂತು. ಬಣ್ಣಕ್ಕೆ ಬೆರೆಸುವ ಈ ಎಣ್ಣೆಯ ವಾಸನೆ ಬೇರೆಯವರಿಗೆ ತಲೆನೋವು ತಂದರೆ ತರಲಿ. ನನಗೆ ಅದು ಪೇಂಟರ್ ಚಾಚಾ.

ಚಾಚಾ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು, ಕನ್ನಡದಲ್ಲೂ ಉರ್ದುವಿನಲ್ಲೂ. ಅವರ ಗೋಡೆಯ ಮೇಲೆ ಇಟಲಿಯ ಹಳೇ ವರ್ಣಚಿತ್ರವೊಂದರ ಅಚ್ಚುಪ್ರತಿ ಅಂಟಿಸಿದ್ದರು. ಕತ್ತೆ ಕಿವಿಯ ನ್ಯಾಯಾಧೀಶ, ಅವನ ಕಿವಿ ಊದುವ ಇಬ್ಬರು ಹೆಂಗಸರು, ಕೂದಲು ಎಳೆಸಿಕೊಂಡು ಬರುವ ನಿರಪರಾಧಿ. ರೇಷ್ಮೆಯುಟ್ಟು ಅವನನ್ನು ಎಳೆಯುವವಳು ಸುಳ್ಳು. ಎಡತುದಿಯಲ್ಲಿ ಆಕಾಶಕ್ಕೆ ಬೆರಳು ತೋರಿಸುತ್ತ ಬೆತ್ತಲೆ ನಿಂತವಳು ಸತ್ಯ.

“ಇದನ್ನ ಪೂರಾ ಇಳಿಸಿದಿ ಅಂದ್ರ ನಿನ್ನ ಕೈ ಪಳಗ್ತು ಅಂತ ತಿಳ್ಕೊ, ಬೇಟಿ,” ಅಂದರು. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನಾನು ಆಗ ಅವರ ಹತ್ತಿರ ಚಿತ್ರ ಬರೆಯುವುದನ್ನು ಕಲಿಯುತ್ತಿದ್ದೆ.

ದಾರ ಎಳೆದು ಬಟ್ಟೆಯ ಮೇಲೆ ಚೌಕ ಹಾಕಿ, ಒಂದೊಂದೇ ಚೌಕ ತುಂಬಿದೆ. ಉರ್ದು ಬರೆದು ಬರೆದು ಚಾಚಾ ಎಲ್ಲವನ್ನೂ ಬಲಗಡೆಯಿಂದಲೇ ಶುರು ಮಾಡುತ್ತಿದ್ದರು. ನನಗೂ ಅದೇ ರೂಢಿಯಾಯಿತು. ಹೀಗಾಗಿ ಕತ್ತೆ ಕಿವಿಯ ಸಾಹೇಬ ಮೊದಲು ಬಂದ, ಸತ್ಯ ಕೊನೆಗೆ ಉಳಿದಳು. ಚಾಚಾ ಜೊತೆ ಚಹಾ ಕುಡಿಯಲು ಬಂದವರೆಲ್ಲ ಆ ಕಿವಿ ನೋಡಿ ನಕ್ಕಿದ್ದೇ ನಕ್ಕಿದ್ದು. ಎಡತುದಿಯಲ್ಲಿ ಪೆನ್ಸಿಲ್ ಗೆರೆ ಎಳೆದ ದಿನ ಮಾತ್ರ ಯಾರೂ ನಗಲಿಲ್ಲ.

ಮರುದಿನವೇ ಅಪ್ಪ ಬಜಾರಿನ ನಾಲ್ಕು ಮಂದಿ ಅಂಗಡಿಯವರನ್ನು ಕಟ್ಟಿಕೊಂಡು ಬಂದರು.

“ಆಕಿಗೊಂದು ಸೀರಿ ಉಡಸ್ರಿ ಚಾಚಾ. ಇಲ್ಲಾಂದ್ರ ನಮ್ಮ ಹುಡುಗಿ ಬರಂಗಿಲ್ಲ. ನಮ್ಮ ಬೋರ್ಡೂ ನಿಮಗ ಬರಂಗಿಲ್ಲ,” ಅಂದರು ಅಪ್ಪ.

ನಾನೇ ಹೆದರಿ ಹಸಿರು ಬಣ್ಣ ಕಲಸಿದೆ. ಚಾಚಾ ನನ್ನ ಬ್ರಷ್ ಹಿಡಿದು ತಡೆದರು.

“ಸುಳ್ಳಿಗೆ ರೇಷ್ಮಿ ಉಡಿಸಿದಿ, ಯಾರೂ ಏನೂ ಅನ್ನಲಿಲ್ಲ. ಈಕಿಗೆ ಉಡಿಸಿದ್ರ ಚಿತ್ರಾನ ಸುಳ್ಳಾಗ್ತದ.” ಆಮೇಲೆ ಅಪ್ಪನ ಕಡೆ ತಿರುಗಿ, “ಬೋರ್ಡು ಬ್ಯಾರೆಯವರ ಕಡೆ ಬರಸ್ರಿ,” ಅಂದರು.

ಅಪ್ಪ ನನ್ನ ಕೈ ಹಿಡಿದು ಮನೆಗೆ ಕರೆತಂದರು. ನಾನು ಬಾಯಿ ಬಿಡಲಿಲ್ಲ... ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ. ಸಿಟ್ಟು ಅಪ್ಪನ ಮೇಲಲ್ಲ, ನನ್ನ ಮೇಲೆ.

ಮದುವೆಯಾಗಿ ಭೀಮರಾಯನಗುಡಿಗೆ ಬಂದೆ. ಮತ್ತೆ ಆ ಅಂಗಡಿಯ ಕಡೆ ಹೋಗುವ ಮುಖ ನನಗಿರಲಿಲ್ಲ. ಹೋದ ತಿಂಗಳು ಚಾಚಾನ ಮಗಳು ಬಟ್ಟೆಯ ಸುರುಳಿಯೊಂದನ್ನು ತಂದಳು.

“ನಮ್ಮ ಅಬ್ಬಾ ತೀರ್ಕೊಂಡ್ರು ಅಕ್ಕಾ. ಇದು ನಿಮಗ ಮುಟ್ಟಸು ಅಂದಿದ್ರು.”

ಬಿಚ್ಚಿದೆ. ಎಡತುದಿಯಲ್ಲಿ ನಾನು ಎಳೆದ ಪೆನ್ಸಿಲ್ ಗೆರೆ ಹಾಗೇ ಇತ್ತು. ಚಾಚಾ ಮನಸ್ಸು ಮಾಡಿದ್ದರೆ ಒಂದು ವಾರದಲ್ಲಿ ಮುಗಿಸುತ್ತಿದ್ದರು. ಇಷ್ಟು ವರ್ಷ ಮುಟ್ಟಿಯೇ ಇಲ್ಲ! ಅಳು ತಡೆಯಲಾಗಲಿಲ್ಲ.

ನಿನ್ನೆ ಆ ಬೆರಳಿನ ತುದಿಯವರೆಗೂ ತುಂಬಿದೆ. ಅತ್ತೆ ಹಿಂದೆ ನಿಂತು ನೋಡಿದರು.

“ಮೈಮ್ಯಾಲ ಏನರ ಹಾಕವ್ವ, ಮಂದಿ ಬರ್ತಾರ.”

“ಬರ್ಲಿ ಬಿಡ್ರಿ ಅತ್ತಿ. ನೋಡ್ಲಿ.”

ಕೈ ಪಳಗಿತೋ ಇಲ್ಲವೋ, ಹೇಳಬೇಕಾದವರು ಈಗಿಲ್ಲ... ಬಣ್ಣ ಇನ್ನೂ ಹಸಿಯಾಗಿದೆ. ಚಿತ್ರವನ್ನು ಬೀದಿ ಬಾಗಿಲಿನ ಎದುರಿಗೇ ತೂಗುಹಾಕಿದ್ದೇನೆ. ಸೀರೆ ಉಡಿಸಿಲ್ಲ.