ಅಕ್ಕನ ಸ್ಕ್ರಿಪ್ಟ್ ಕೆಡಲಿಲ್ಲ

ಮೊನ್ನೆ ಕಾರವಾರದ ಪೇಟೆಯಲ್ಲಿ ಒಂದು ಬುಟ್ಟಿಯ ಮುಂದೆ ಬಗ್ಗಿದಾಗ ಕರಿ ಈಶಾಡು ಮಾವಿನ ವಾಸನೆ ಮೂಗಿಗೆ ಬಡಿಯಿತು. ಹಣ್ಣು ಕೊಳ್ಳದೆ ಎದ್ದು ಬಂದೆ. ನನ್ನ ಮಟ್ಟಿಗೆ ಆ ವಾಸನೆ ಪಕ್ಕದ ಮೇಜಿನ ಅಕ್ಕನದು. ಪ್ರತಿ ಬೇಸಿಗೆಯಲ್ಲಿ ಕೇಣಿಯ ಮನೆಯಿಂದ ಚೀಲ ತುಂಬ ತಂದು ಆಫೀಸಿಗೆಲ್ಲ ಹಂಚುತ್ತಿದ್ದಳು. ಹಣ್ಣಿನಲ್ಲೂ ನನಗಿಂತ ಮುಂದೆ ಅವಳೇ... ನಮ್ಮ ಹಣಕೋಣದ ಮನೆಯ ಮಾವು ಬರೀ ನಾರು.

ಮೀನುಗಾರರ ಸಂಘಗಳ ಕಂಪ್ಯೂಟರ್ ನೋಡಿಕೊಳ್ಳುವ ಸಣ್ಣ ಆಫೀಸು ನಮ್ಮದು. ದಿನಾ ಸಂಜೆ ಮಾಹಿತಿಯನ್ನೆಲ್ಲ ನಕಲು ತೆಗೆದಿಡಬೇಕು. ಅದಕ್ಕೆ ಬೇಕಾದ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟರೆ ಮೆಷಿನ್ ತಾನೇ ಮಾಡಿಕೊಳ್ಳುತ್ತದೆ. ಅದೇ ಶೆಲ್ ಸ್ಕ್ರಿಪ್ಟ್. ಕಾರವಾರದಲ್ಲಿ ಲಿನಕ್ಸ್, ಅಂಕೋಲೆಯಲ್ಲಿ ಹಳೆಯ ಬಿಎಸ್‌ಡಿ, ಸಾಹೇಬರ ಮೇಜಿನ ಮೇಲೆ ಮ್ಯಾಕ್. ಮೂರೂ ಯುನಿಕ್ಸ್ ಕುಲದವೇ, ಆದರೆ ಒಂದರ ಮಾತು ಇನ್ನೊಂದಕ್ಕೆ ಪೂರ್ತಿ ತಿಳಿಯದು. ಯಾರ ಸ್ಕ್ರಿಪ್ಟ್ ಮೂರರಲ್ಲೂ ಓಡುತ್ತದೋ ಅವರಿಗೇ ಎರಡೂ ಊರಿನ ಜವಾಬ್ದಾರಿ ಎಂದರು ಸಾಹೇಬರು. ಆ ಜವಾಬ್ದಾರಿ ನನಗೆ ಬೇಕಿತ್ತು, ಬಹಳ ಬೇಕಿತ್ತು.

ನನ್ನ ಸ್ಕ್ರಿಪ್ಟ್ ಚಂದವಿತ್ತು. ಆಜ್ಞೆಗಳನ್ನು ಓದಿ ನಡೆಸುವುದು ಶೆಲ್; ಅದರಲ್ಲಿ ಬ್ಯಾಶ್ ಎಂಬುದರ ಹೊಸ ಸೌಕರ್ಯಗಳನ್ನೆಲ್ಲ ಬಳಸಿದ್ದೆ. ಕಾರವಾರದಲ್ಲಿ ಸರಸರ ಓಡಿತು. ಅಂಕೋಲೆಯಲ್ಲಿ ಮೊದಲ ಸಾಲಿಗೇ ನಿಂತಿತು. ಅಲ್ಲಿ ಬ್ಯಾಶ್ ಇರಲೇ ಇಲ್ಲ. ಅಕ್ಕ ಬರೆದದ್ದು ಎಲ್ಲ ಕಡೆ ಇರುವ ಎಸ್‌ಎಚ್ ಎಂಬ ಹಳೇ ಶೆಲ್ಲಿಗೆ. ನೋಡಲು ಸಪ್ಪೆ, ಆದರೆ ಮೂರರಲ್ಲೂ ಓಡಿತು. ಅವಳ ರೂಢಿಯೇ ಹಾಗೆ, ಎಲ್ಲಕ್ಕಿಂತ ಹಳೆಯ ಮೆಷಿನ್ ಒಪ್ಪಿದ ಮೇಲೇ ಹೊಸದರ ಮುಂದೆ ಕೂರುತ್ತಿದ್ದಳು.

"ತಂಗೀ, ನೆಂಟ್ರ ಮನಿಗೆ ಹೋದ್ರೆ ಗಂಜಿ ಕೇಳೂಕೆ ಅಡ್ಡಿಲ್ಲ," ಅಂದಳು. "ಎಲ್ಲರ ಮನೀಲೂ ಇರ್ತದೆ. ಶಿರಾ ಕೇಳಿದ್ರೆ ಅವ್ರು ಎಲ್ಲಿಂದ ತರೂದು?"

"ನಂಗೆ ಗಂಜಿ ಸೇರೂದಿಲ್ಲ," ಅಂದೆ.

ಅವಳು ನಕ್ಕು, ಹಣ್ಣು ಕೊಯ್ದು ಕೊಟ್ಟಳು. ಹೊಟ್ಟೆ ಉರಿಯುತ್ತಿತ್ತು. ಹಣ್ಣು ಮಾತ್ರ ಪೂರ್ತಿ ತಿಂದೆ.

ಆಮೇಲೆ ಅವಳಿಗೆ ಕಾಯಿಲೆ... ಹೋದ ಮಳೆಗಾಲದಲ್ಲಿ ಹೋಗಿಯೇಬಿಟ್ಟಳು. ಎರಡೂ ಊರು ನನ್ನ ಪಾಲಿಗೆ ಬಂದವು. ನಾನು ಬಯಸಿದ್ದು ಹೀಗಲ್ಲ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅನ್ನುತ್ತಾರೆ. ಆದರೂ ಸಾಹೇಬರು ಈಗಲೂ "ಅಕ್ಕನ ಸ್ಕ್ರಿಪ್ಟ್" ಎಂದಾಗ ಮೈಯೆಲ್ಲ ಉರಿಯುತ್ತದೆ.

ನಿನ್ನೆ ಅಂಕೋಲೆಗೆ ಹೊಸ ಮೆಷಿನ್ ಬಂತು, ಅವಳು ಕಂಡೇ ಇರದ ಬೇರೊಂದು ಜಾತಿಯದು. ಇದರಲ್ಲಾದರೂ ಅವಳ ಸ್ಕ್ರಿಪ್ಟ್ ಕೆಡಲಿ, ಸರಿಮಾಡಿ ನನ್ನ ಹೆಸರು ಹಾಕುತ್ತೇನೆ ಎಂದು ಕಾದು ಕೂತೆ. ಒಂದಕ್ಷರ ಮುಟ್ಟುವ ಮೊದಲೇ ಓಡಿ ಮುಗಿಯಿತು. ಕೆಟ್ಟಿದ್ದರೆ ತೆರೆದಿಟ್ಟುಕೊಂಡು ಸಂಜೆಯವರೆಗೆ ಅವಳ ಜೊತೆ ಜಗಳವಾದರೂ ಆಡಬಹುದಿತ್ತು.