ಪಾಲಮ್ಮ ಕೂಸು ಹೊರುವ ಚೀಲ ಆರಿಸಲು ಹೋದದ್ದು

ಮಾಡದಕೆರೆ ಕಡೆಯ ಆ ಹಟ್ಟಿಯಲ್ಲಿ ಪಾಲಮ್ಮ ಮೆಚ್ಚಿದ್ದು ಅಂತ ಒಂದು ವಸ್ತುವಿಲ್ಲ. ಪ್ಯಾಕೆಟ್ ಹಾಲು ಅವಳಿಗೆ ಸುಣ್ಣದ ನೀರು. ಗ್ಯಾಸಿನ ಮೇಲೆ ತಿರುವಿದ ಮುದ್ದೆ ಹಸಿ ಹಿಟ್ಟು. ಮೊಸರಲ್ಲೂ ಕಲ್ಲು ಹುಡುಕುವ ಹೆಂಗಸು. ಗಂಡ ಚಿತ್ತಯ್ಯನ ವಿಷಯಕ್ಕೆ ಬಂದರಂತೂ ಮುಗಿಯಿತು. ಕುರಿಗೂ ಅವನಿಗೂ ಇರುವ ವ್ಯತ್ಯಾಸ ಒಂದೇ, ಕುರಿ ಕರೆದರೆ ತಿರುಗಿ ನೋಡುತ್ತದೆ ಎನ್ನುತ್ತಿದ್ದಳು. ಅವನು ಅದಕ್ಕೂ ತಿರುಗಿ ನೋಡುತ್ತಿರಲಿಲ್ಲ.

ಇಂಥವಳನ್ನು ಸೊಸೆ ನೇತ್ರಾವತಿ ಒಂದು ಶನಿವಾರ ಚಿತ್ರದುರ್ಗಕ್ಕೆ ಹೊರಡಿಸಿದಳು. ಹೊರಡಲೇಬೇಕಾಗಿತ್ತು. ನೇತ್ರಾವತಿಗೆ ಹೊಸದುರ್ಗದ ಸೊಸೈಟಿಯಲ್ಲಿ ಗುಮಾಸ್ತೆ ಕೆಲಸ, ಬಾಣಂತನದ ರಜೆ ಮುಗಿದು ಸೋಮವಾರ ಹಾಜರಾಗಬೇಕು. ಗಂಡ ಜುಂಜೇಶ್ ಲಾರಿ ಓಡಿಸುವವನು, ಹದಿನೈದು ದಿನಕ್ಕೊಮ್ಮೆ ಮುಖ ತೋರಿಸುತ್ತಾನೆ. ಅತ್ತೆ ಮಾವ ಇಬ್ಬರೂ ಬೆಳಗಾದರೆ ಕುರಿ ಹಿಂದೆ. ಅಂದಮೇಲೆ ಏಳು ತಿಂಗಳ ಕೂಸೂ ಕುರಿ ಹಿಂದೆಯೇ ಹೋಗಬೇಕು.

ಅದರಲ್ಲೇನು ಮಹಾ? ಪಾಲಮ್ಮ ಐದು ಮಕ್ಕಳನ್ನು ಹಳೇ ಸೀರೆಯಲ್ಲಿ ಬೆನ್ನಿಗೆ ಕಟ್ಟಿಕೊಂಡೇ ಕುರಿ ಕಾಯ್ದವಳು. ಆದರೆ ಈಗ ಬಲಗೈ ಹೆಬ್ಬೆರಳು ಮಡಚುವುದಿಲ್ಲ, ಬೆರಳ ಗೆಣ್ಣುಗಳು ಊದಿ ಹುಣಸೇಬೀಜದ ಹಾಗಾಗಿವೆ. ಹಿಂದಿನ ವಾರ ಅವಳು ಎದೆಯ ಮೇಲೆ ಹಾಕಿದ ಗಂಟು ಅಂಗಳದಲ್ಲೇ ಸಡಿಲಾಗಿ ಕೂಸು ಜಾರಿತು. ನೇತ್ರಾವತಿ ಓಡಿಬಂದು ಹಿಡಿದಳು, ಇಲ್ಲದಿದ್ದರೆ ಏನಾಗುತ್ತಿತ್ತೋ ಶಿವನೇ ಬಲ್ಲ.

"ದಿನಾ ಬೆಳಿಗ್ಗೆ ನಾನೇ ಗಂಟು ಹಾಕಿ ಹೋಗ್ತೀನಿ ಬಿಡು ಅತ್ತೆ," ಎಂದಳು ಸೊಸೆ.

ಆಗದು. ಆ ಹಟ್ಟಿಯ ಹೆಂಗಸರು ಕೂಸಿನ ಗಂಟು ಇನ್ನೊಬ್ಬರ ಕೈಲಿ ಹಾಕಿಸಿಕೊಳ್ಳುವುದಿಲ್ಲ. ಹೊರುವವರೇ ಕಟ್ಟಬೇಕು, ಹೊತ್ತವರೇ ಬಿಚ್ಚಬೇಕು. "ಬ್ಯಾರೇರ ಕೈಲಿ ಕಟ್ಟಿಸ್ಕಳಾಕೆ ನಾನೇನು ಹೆಣಾನೇನೇ?" ಎಂದು ಪಾಲಮ್ಮ ಗದರಿದಳು. ನೇತ್ರಾವತಿಯೂ ಬಗ್ಗಲಿಲ್ಲ. ಕೂಸು ಬೀಳದ ಹಾಗೆ ಹೊರುವ ದಾರಿ ಸೋಮವಾರದೊಳಗೆ ಆಗಬೇಕು, ಆಗದಿದ್ದರೆ ತಾನು ಕೂಸು ಸಮೇತ ಹೊಸದುರ್ಗದ ತಾಯಿ ಮನೆಯಲ್ಲೇ ಇರುತ್ತೇನೆ ಎಂದಳು.

ತಾಯಿ ಅಂದರೆ ಬೀಗಿತಿ ಅನುಸೂಯ. ಕುಂತಲ್ಲೇ ಕುಂತು ಹಪ್ಪಳ ಸುಡುವ ಮಹಾತಾಯಿ! ಅವಳ ಮಡಿಲಲ್ಲಿ ತನ್ನ ಮೊಮ್ಮಗಳು ಟಿವಿ ನೋಡಿಕೊಂಡು ಬೆಳೆಯುವುದೇ? ಪಾಲಮ್ಮ ಸೊಸೆಯನ್ನೂ ಕೂಸನ್ನೂ ಮುಂದೆ ಮಾಡಿಕೊಂಡು ಹೊರಟಳು. ಬಸ್ಸು ಹತ್ತಿದಳು. ಚಿತ್ತಯ್ಯ ಯಾಕೆ ಬಂದ ಅಂತ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಚಿತ್ರದುರ್ಗದ ಕೂಸಿನ ಸಾಮಾನಿನ ಅಂಗಡಿಯ ರಘುನಾಥ್ ತೆಳ್ಳಗಿನ ಮೀಸೆಯ, ಜೇನು ಸುರಿಸುವ ಮಾತಿನವನು. ಮೊದಲು ಉದ್ದದ ಮೆತ್ತನೆಯ ಬಟ್ಟೆಯೊಂದನ್ನು ಹರವಿದ.

"ಇದನ್ನ ಮೈಗೆ ಮೂರು ಸುತ್ತು ಸುತ್ಕಂಡು ಗಂಟು ಹಾಕಿದ್ರಾಯ್ತಮ್ಮ. ಫಾರಿನ್ನಲ್ಲೆಲ್ಲ ಇದೇ ಈಗ."

"ಸೀರೆ ಕದ್ದು ಸೆರಗು ಹರ್ಕಂಡು ನಮಗೇ ಮಾರ್ತೀಯೇನಪ್ಪ? ನಮ್ಮಜ್ಜಿ ಕಾಲ್ದಾಗೆ ಫಾರಿನ್ನು ಅಂದ್ರೆ ಹಿರಿಯೂರು."

ಗಂಟು ಎಂದ ಕೂಡಲೇ ಅದು ಆಗದ ಮಾತು ಎಂದು ಅವಳಿಗೆ ಗೊತ್ತಾಗಿತ್ತು. ಬೈದು ಪಕ್ಕಕ್ಕೆ ತಳ್ಳಿದಳು. ಎರಡನೆಯ ಬಟ್ಟೆಯ ತುದಿಗೆ ಬಳೆಯಂಥ ಎರಡು ಲೋಹದ ಉಂಗುರಗಳಿದ್ದವು. ಅವುಗಳ ನಡುವೆ ಬಟ್ಟೆ ತೂರಿಸಿ ಜಗ್ಗಿದರೆ ಬಿಗಿಯಾಗುತ್ತದೆ. ಪಾಲಮ್ಮ ಜಗ್ಗಿದಳು. ಬೆರಳು ಹಿಡಿತಕ್ಕೆ ಬರಲಿಲ್ಲ. "ಎತ್ತಿಗೆ ಮೂಗುದಾರ ಪೋಣಿಸ್ದಂಗೈತೆ, ಥೂ," ಎಂದು ಅದನ್ನೂ ಎಸೆದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೇತ್ರಾವತಿಗೆ ಅರ್ಥವಾಯಿತು, ಇನ್ನೊಂದು ತೋರಿಸಿ ಎಂದಳು.

ಮೂರನೆಯದು ಬಕಲ್ಲಿನ ಚೀಲ. ಸೊಂಟಕ್ಕೊಂದು ಅಗಲ ಪಟ್ಟಿ, ಹೆಗಲಿಗೆರಡು ಪಟ್ಟಿ.

"ಕೂಸಿನ ಮುಖ ಸದಾ ಕಾಣ್ಬೇಕು, ಗದ್ದ ಎದೆಗೆ ಒತ್ತಬಾರ್ದು, ಕಾಲು ಕಪ್ಪೆ ಥರ ಅಗಲ ಇರ್ಬೇಕು ನೋಡಿ," ಎಂದ ರಘುನಾಥ್.

"ನಾನೇನು ನನ್ನ ಐದೂ ಮಕ್ಕಳನ್ನ ತಲೆಕೆಳಗಾಗಿ ಹೊತ್ತಿದ್ನೇನೋ? ನಿನಗೆಷ್ಟು ಮಕ್ಕಳು?"

"ಮದ್ವೆ ಆಗಿಲ್ಲಮ್ಮ."

"ಆಗ್ಲಿ ಮೊದ್ಲು. ಆಮೇಲೆ ಕಪ್ಪೆ ಕಾಲು ಹೇಳ್ಕೊಡು."

ಹಾಗೆಂದರೂ ಚೀಲವನ್ನು ಸೊಂಟಕ್ಕೆ ಸುತ್ತಿ ಬಕಲ್ಲು ಒತ್ತಿದಳು. ಟಕ್ ಅಂತ ಕೂತಿತು! ಬೆರಳಿಗೆ ಕೆಲಸವೇ ಇಲ್ಲ. ಪಾಲಮ್ಮನ ಮುಖ ಅರಳಿತು. ಕಿಟಕಿ ಕಡೆ ತಿರುಗಿ ಅದನ್ನು ಬಚ್ಚಿಟ್ಟುಕೊಂಡಳು. "ಪ್ಲಾಸ್ಟಿಕ್ಕು, ಆದ್ರೂ ಪರವಾಗಿಲ್ಲ," ಎಂದಳು.

ಬಿಚ್ಚಲು ಹೋದಳು. ಎರಡೂ ಬದಿಯಿಂದ ಹೆಬ್ಬೆರಳು, ತೋರುಬೆರಳು ಸೇರಿಸಿ ಅದುಮಬೇಕು. ಅದುಮಿದಳು. ಆಗಲಿಲ್ಲ. ಎಡಗೈಯಿಂದ ಅದುಮಿದಳು, ಹಲ್ಲು ಕಚ್ಚಿ ಅದುಮಿದಳು. ರಘುನಾಥ್ ಸಹಾಯಕ್ಕೆ ಕೈ ಚಾಚಿದಾಗ ಆ ಕೈ ಮೇಲೊಂದು ಏಟು ಬಿತ್ತು. ನೇತ್ರಾವತಿ ನೆಲ ನೋಡುತ್ತ ನಿಂತಳು. ಹೊಸದುರ್ಗದ ಬಸ್ಸು ಕೂಸನ್ನು ಕರೆದುಕೊಂಡು ಹೋದಂತೆಯೇ ಪಾಲಮ್ಮನಿಗೆ ಅನ್ನಿಸಿತು.

ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಚಿತ್ತಯ್ಯ ಎದ್ದು ಬಂದು ಎರಡು ಬೆರಳಲ್ಲಿ ಬಕಲ್ಲು ಬಿಚ್ಚಿದ. ಏಟು ತಿನ್ನದೆ ಬಿಚ್ಚಿದ್ದು ಅವನೊಬ್ಬನೇ.

"ನಂಗೆ ಹಾಕಳದು ತೋರ್ಸಪ್ಪ," ಎಂದ ರಘುನಾಥನಿಗೆ.

ಪಾಲಮ್ಮನಿಗೆ ನಗು ಬಂತು, ಅಸಹ್ಯದ ನಗು. "ನೀನಾ? ಹೆತ್ತ ಮಕ್ಕಳು ಉಚ್ಚೆ ಹುಯ್ದ್ರೆ ಮೂರು ಮಾರು ಹಾರ್ತಿದ್ದೋನು! ಗಂಡಸು ಕೂಸು ಕಟ್ಕಂಡು ಹೋದ್ರೆ ಕುರಿ ನಗ್ತಾವೆ."

"ನಗ್ಲಿ ಬಿಡು. ಹೊರೋರೇ ಕಟ್ಬೇಕು ಅಂದ್ಯಲ್ಲ. ಕಟ್ಕಂತೀನಿ, ನಾನೇ ಬಿಚ್ಕಂತೀನಿ."

ಅವನು ಇಷ್ಟುದ್ದ ಮಾತಾಡಿದ್ದನ್ನು ಕೇಳಿ ಸೊಸೆ ತಲೆ ಎತ್ತಿದಳು. ಕೂಸನ್ನು ಚೀಲಕ್ಕೆ ಇಳಿಸಿದರು. ಅದು ಮುದುಕನ ಎದೆಯ ನರೆಗೂದಲನ್ನು ಎರಡು ಸಲ ಜಗ್ಗಿ, ಆಮೇಲೆ ಅವನ ಅಂಗಿಗೆ ಕೆನ್ನೆ ಒತ್ತಿ ನಿದ್ದೆ ಹೋಯಿತು.

"ಇದೇ ಇರ್ಲಿ," ಎಂದಳು ನೇತ್ರಾವತಿ.

ಪಾಲಮ್ಮ ಊರು ಮುಟ್ಟುವವರೆಗೂ ಬಸ್ಸನ್ನು ಬೈದಳು.

ಸೋಮವಾರ ಎಂಟು ಗಂಟೆಗೆ ಸೊಸೆ ಹೊಸದುರ್ಗಕ್ಕೆ, ಕುರಿ ಬಯಲಿಗೆ. ಚಿತ್ತಯ್ಯ ಕೂಸು ಹೊತ್ತು ಮುಂದೆ, ಪಾಲಮ್ಮ ಕೋಲು ಹಿಡಿದು ಹಿಂದೆ. ಎದುರಾದವರು ನಕ್ಕರೆ ಅವರಿಗೂ ಉಗಿದಳು, ಗಂಡನಿಗೂ ಉಗಿದಳು. "ಬಿಸ್ಲಿಗೆ ಬೆನ್ನು ಮಾಡೋ. ಟವೆಲ್ ಮುಖದ ಮ್ಯಾಲೆ ಹಾಕ್ಬೇಡ, ಉಸಿರು ಕಟ್ಟತೈತೆ. ನೆಟ್ಟಗೆ ನಡಿ, ಎತ್ತಿನ ಗಾಡಿ ಥರ ಕುಲುಕಬೇಡ." ಅವನು ಹೇಳಿದ್ದೆಲ್ಲ ಮಾಡಿದ, ಅದಕ್ಕೂ ಅವಳಿಗೆ ಸಿಟ್ಟು ಬಂತು.

ಹೊತ್ತು ನೆತ್ತಿಗೆ ಬಂದಾಗ ಜಾಲಿಮರದಡಿ ನಿಂತರು. ಚಿತ್ತಯ್ಯ ಚೀಲ ಬಿಚ್ಚಿ ಕೂಸನ್ನು ಕಂಬಳಿ ಮೇಲೆ ಮಲಗಿಸಿದ. ಅವನ ಹೆಗಲ ಮೇಲೆ ಪಟ್ಟಿಯ ಕೆಂಪು ಬರೆ ಎದ್ದಿತ್ತು. ಅದನ್ನು ಉಜ್ಜಿಕೊಳ್ಳುತ್ತ ಕೇಳಿದ:

"ಲೇ ಪಾಲಿ, ಐದು ಮಕ್ಕಳನ್ನ ಹೊತ್ತಾಗ ನಿಂಗೂ ಹಿಂಗೇ ಹೆಗಲು ಕಿತ್ತು ಬರ್ತಿತ್ತೇನೆ?"

ಪಾಲಮ್ಮನ ನಾಲಿಗೆಯ ತುದಿಯಲ್ಲಿ ಸದಾ ಒಂದು ಬೈಗುಳ ಸಿದ್ಧವಿರುತ್ತಿತ್ತು. ಈ ಸಲ ಅವಳ ಕೈ ನೀರಿನ ಬಾಟಲಿಗೆ ಹೋಯಿತು. ಮುಚ್ಚಳ ತಿರುವಲು ನೋಡಿದಳು, ಆಗಲಿಲ್ಲ. ಅವನು ಇಸಿದುಕೊಂಡು ತಿರುವಿ ಕೊಟ್ಟ.

"ಬರ್ತಿತ್ತು," ಎಂದಳು. "ರಾತ್ರಿ ಮಗ್ಗುಲಾಗಾಕೂ ಆಗ್ತಿರ್ಲಿಲ್ಲ. ಪಕ್ಕದಾಗೇ ಮಲಗಿದ್ಯಲ್ಲೋ, ಮುಟ್ಟಾಳ, ಈಗ ಕೇಳ್ತೀಯಾ?"

ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಕೂಸು ಏಳಬಾರದೆಂದು ಸದ್ದು ಮಾಡದೆ ಅತ್ತಳು.