ಚರಂಡಿಯ ಮೇಲೆ ಕುರ್ಚಿ

ಗೆಳೆಯರೇ, ನಮ್ಮ ರಾಯದುರ್ಗದ ಓಣಿಯವರ ಬುದ್ಧಿ ಕೇಳಿ. ಮುನ್ಸಿಪಾಲ್ಟಿ ಬಜೆಟ್ಟಿನಲ್ಲಿ ನಮ್ಮ ಒಡೆದ ಚರಂಡಿಗೂ ಹಣ ಇಡಲಿ ಎಂದು, ಅದನ್ನು ಕಣ್ಣಾರೆ ತೋರಿಸಲು ಇವತ್ತು ಕೌನ್ಸಿಲರನ್ನು ಕರೆಸಿದೆವು. ಬರುವವರು ಅತಿಥಿಗಳಲ್ಲವೇ? ಬೆಳಗ್ಗೆಯೇ ಓಣಿ ಗುಡಿಸಿ, ಚರಂಡಿಯನ್ನು ಹಲಗೆಯಿಂದ ಮುಚ್ಚಿ, ಜಮಖಾನ ಹಾಸಿ, ಅದರ ಮೇಲೆಯೇ ಅವರ ಕುರ್ಚಿ ಇಟ್ಟೆವು.

ಅವರು ಒಗ್ಗಾಣಿ, ಮಿರ್ಚಿ ತಿನ್ನುವಾಗ ನಾನು, “ಸಾರ್, ಚರಂಡಿ ನಿಮ್ಮ ಕುರ್ಚಿ ಕೆಳಗೇ...” ಎಂದು ಬಾಯಿ ತೆರೆದೆ. ಪಕ್ಕದ ಮನೆಯ ನೀಲಮ್ಮ ತಿವಿದರು: “ತಿನ್ನೋ ಹೊತ್ತಿನ್ಯಾಗ ಅದ್ಯಾಕ್ರಿ?”

ಕೌನ್ಸಿಲರ್ ಕೈ ತೊಳೆದು, “ಇಷ್ಟು ಚೊಕ್ಕ ಓಣಿ ಊರಾಗ ಎಲ್ಲೂ ಇಲ್ರಿ. ರೊಕ್ಕ ಹಿಂದಿನ ಓಣಿಗೆ ಹಾಕಸ್ತೀನಿ” ಎಂದು ಹೊರಟೇಬಿಟ್ಟರು. ಮೊದಲು ಅಲ್ಲಿಗೆ ಹೋಗಿದ್ದಾಗ ಆ ಓಣಿಯವರು ಅವರಿಗೆ ನೀರೂ ಕೊಟ್ಟಿರಲಿಲ್ಲವಂತೆ.

ನಾಳೆ ಇಂಜಿನಿಯರನ್ನಾದರೂ ಕರೆಸೋಣ ಎಂದೆ. ನೀಲಮ್ಮ ಆಗಲೇ ಸೊಂಟಕ್ಕೆ ಸೆರಗು ಸಿಕ್ಕಿಸಿದ್ದರು: “ಕರಸ್ರಿ, ಕರಸ್ರಿ. ಅವರಿಗೆ ಹೋಳಿಗೀನ ಮಾಡೋಣು.”